ಅಶೋಕನು ಉಪಾಸಿಕೆಯರಿಗೂ ಹೇಳಿದ ಏಳು ಪಾಠಗಳು

ದೆಹಲಿಯಿಂದ ಜೈಪುರಕ್ಕೆ ಹೋಗಿಬರುವ ನಮ್ಮಲ್ಲಿ ಬೈರಾಟ್ ಕಡೆಗೆ ತಿರುಗುವವರು ಕಡಿಮೆ. ವಿರಾಟನಗರ ಎಂದೂ ಕರೆಯುವ ಈ ಊರಿನ ಬೆಟ್ಟದಲ್ಲಿ 1840ರಲ್ಲಿ ಕ್ಯಾಪ್ಟನ್ ಬರ್ಟ್ ಎಂಬ ಬ್ರಿಟಿಷ್ ಅಧಿಕಾರಿಗೆ ಅಶೋಕನ ಶಾಸನವೊಂದು ದೊರೆಯಿತು. ಆ ಕಲ್ಲು ಈಗ ಕೋಲ್ಕತ್ತದ ಏಷ್ಯಾಟಿಕ್ ಸೊಸೈಟಿಯಲ್ಲಿದೆ.

ಅದು ಬೌದ್ಧ ಸಂಘಕ್ಕೆ ಬರೆದ ಪತ್ರದಂತಿದೆ. ಅಶೋಕನು ಮೊದಲು ಸಂಘಕ್ಕೆ ವಂದಿಸಿ ಕ್ಷೇಮ ಕೋರುತ್ತಾನೆ. ಬುದ್ಧನು ಹೇಳಿದ್ದೆಲ್ಲವೂ ಒಳ್ಳೆಯದೇ ಎಂದು ಒಪ್ಪಿಕೊಂಡರೂ, ಅದರಲ್ಲಿ ಏಳು ಪಾಠಗಳನ್ನು ಮಾತ್ರ ಹೆಸರಿಸುತ್ತಾನೆ. ಭಿಕ್ಷುಗಳೂ ಭಿಕ್ಷುಣಿಯರೂ ಇವನ್ನು ಮತ್ತೆ ಮತ್ತೆ ಕೇಳಿ ಮನಸ್ಸಿನಲ್ಲಿ ಇರಿಸಿಕೊಳ್ಳಬೇಕು, ಉಪಾಸಕರೂ ಉಪಾಸಿಕೆಯರೂ ಹಾಗೆಯೇ ಮಾಡಬೇಕು ಎಂಬುದು ಅವನ ಆಸೆ. ಉಪಾಸಿಕೆ ಎಂದರೆ ಸಂಸಾರ ಬಿಡದೆ ಬುದ್ಧನ ದಾರಿ ಹಿಡಿದ ಹೆಣ್ಣುಮಗಳು. ಧರ್ಮಪಾಠ ಅವಳಿಗೂ ಬೇಕು ಎಂದು ಚಕ್ರವರ್ತಿಯೊಬ್ಬ ಎರಡು ಸಾವಿರ ವರ್ಷಗಳಿಗೂ ಹಿಂದೆ ಕಲ್ಲಿನಲ್ಲಿ ಬರೆಸಿದ್ದಾನೆ!

ಶಾಸನ ಹೇಳುವುದು ‘ಓದಿ’ ಎಂದಲ್ಲ, ‘ಕೇಳಿ’ ಎಂದು. ಆಗ ಬುದ್ಧನ ಉಪದೇಶಗಳು ಬಾಯಿಪಾಠದಲ್ಲೇ ಉಳಿದಿದ್ದವು. ಆದ್ದರಿಂದ ಅಕ್ಷರ ಬಾರದವರಿಗೂ ಈ ಅಧ್ಯಯನ ಎಟುಕುವಂತಿತ್ತು.

ಏಳರಲ್ಲಿ ಕೊನೆಯದು, ಸುಳ್ಳಿನ ಬಗ್ಗೆ ಬುದ್ಧನು ಮಗ ರಾಹುಲನಿಗೆ ಕೊಟ್ಟ ಉಪದೇಶ. ಪಾಲಿ ಭಾಷೆಯ ಮಜ್ಝಿಮ ನಿಕಾಯದಲ್ಲಿ ಅದು ಇಂದಿಗೂ ಇದೆ. ಪಾತ್ರೆಯ ತಳದಲ್ಲಿ ಉಳಿದ ಸ್ವಲ್ಪ ನೀರನ್ನು ತೋರಿಸಿ, ಬೇಕೆಂದೇ ಸುಳ್ಳು ಹೇಳಿ ನಾಚದವನ ಸಾಧನೆ ಇಷ್ಟೇ ಎನ್ನುತ್ತಾನೆ ಬುದ್ಧ. ಆಮೇಲೆ ಆ ನೀರನ್ನೂ ಚೆಲ್ಲಿ ಪಾತ್ರೆಯನ್ನು ಬೋರಲು ಹಾಕುತ್ತಾನೆ. ಕನ್ನಡಿ ಇರುವುದು ಏತಕ್ಕೆ ಎಂದು ಕೇಳುತ್ತಾನೆ. ನೋಡಿಕೊಳ್ಳಲು ಎಂದು ರಾಹುಲ ಉತ್ತರಿಸುತ್ತಾನೆ. ಹಾಗೆಯೇ ಕೆಲಸವನ್ನಾಗಲಿ, ಮಾತನ್ನಾಗಲಿ, ಯೋಚನೆಯನ್ನಾಗಲಿ ಮೊದಲೂ ನಡುವೆಯೂ ಆದ ಮೇಲೂ ನೋಡಿಕೋ. ಇದರಿಂದ ನನಗೋ ಇತರರಿಗೋ ನೋವಿದೆಯೇ ಎಂದು ಕೇಳಿಕೋ. ತಪ್ಪು ಮಾಡಿದ್ದರೆ, ಆಡಿದ್ದರೆ ತಿಳಿದವರ ಮುಂದೆ ಒಪ್ಪಿಕೋ ಎಂದು ಕಲಿಸುತ್ತಾನೆ.

ಅಶೋಕನೂ ಹಾಗೆ ತನ್ನನ್ನು ನೋಡಿಕೊಂಡದ್ದಕ್ಕೆ ಸಾಕ್ಷಿ ನಮ್ಮ ನಾಡಿನಲ್ಲೇ ಇದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸ್ 1892ರಲ್ಲಿ ಪತ್ತೆ ಹಚ್ಚಿದ ಶಾಸನದಲ್ಲಿ, ಉಪಾಸಕನಾಗಿ ಎರಡೂವರೆ ವರ್ಷ ದಾಟಿದ್ದರೂ ಒಂದು ವರ್ಷ ತಾನು ಹೆಚ್ಚು ಶ್ರಮಿಸಲಿಲ್ಲ ಎಂದು ಅವನೇ ಒಪ್ಪಿಕೊಂಡಿದ್ದಾನೆ. ತಂದೆತಾಯಿಯರ ಮಾತು ಕೇಳಬೇಕು, ಸತ್ಯ ನುಡಿಯಬೇಕು ಎಂಬ ಬುದ್ಧಿಮಾತೂ ಅಲ್ಲಿದೆ.

ಫೋನ್ ಬಂದಾಗ ‘ಅಮ್ಮ ಮನೆಯಲ್ಲಿಲ್ಲ ಅಂತ ಹೇಳು’ ಎಂದು ಮಗುವಿಗೆ ಕಲಿಸುವವರು ನಾವೇ ಅಲ್ಲವೇ? ರಾಹುಲನ ಪಾಠ ಓದಿದ ಮೇಲೆ ಆ ಮಾತು ನನ್ನ ಬಾಯಿಗೆ ಬಂದಾಗ ನಾಲಿಗೆ ತಡೆಯುತ್ತದೆ. ಕೆಲವೊಮ್ಮೆ ತಡೆಯುವುದಿಲ್ಲ. ಆಗ ಮಗುವಿನ ಎದುರು ‘ತಪ್ಪಾಯಿತು’ ಎನ್ನುತ್ತೇನೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತದೆ ನಮ್ಮ ಗಾದೆ. ಆಡಿದ ಮೇಲೂ ತಿದ್ದಿಕೊಳ್ಳಲು ದಾರಿಯಿದೆ ಎನ್ನುತ್ತದೆ ಈ ಪಾಠ.

ಇಡೀ ತ್ರಿಪಿಟಕ ಓದಲು ನಮಗೆ ಪುರುಸೊತ್ತು ಸಿಗದಿರಬಹುದು. ಅಶೋಕನೂ ಕೇಳಿದ್ದು ಏಳೇ ಪಾಠಗಳನ್ನು. ನಾವು ಒಂದರಿಂದ ಆರಂಭಿಸೋಣ, ಆದರೆ ಅದನ್ನೇ ಮತ್ತೆ ಮತ್ತೆ ಕೇಳೋಣ.