ಕಬ್ಬಿನ ಗರಿಯ ಮೇಲಿನ ಹುಳಕ್ಕೆ ಸರಿಯಾದ ಹೆಸರು ಸಿಕ್ಕಿದ್ದು

ಮೊನ್ನೆ ಪಾಂಡವಪುರದ ಹತ್ತಿರ ನಮ್ಮೂರಿಗೆ ಹೋಗಿದ್ದೆ. ಚಿಕ್ಕಪ್ಪ ಕಬ್ಬಿನ ಗರಿಗಳಿಗೆ ರಟ್ಟಿನ ಚೂರು ಸಿಕ್ಕಿಸ್ತಾ ಇದ್ರು. ಅದರ ಮೇಲೆಲ್ಲ ಕಪ್ಪನೆ ಸಣ್ಣ ಸಣ್ಣ ಕಾಳು.

"ಏನ್ ಚಿಕ್ಕಪ್ಪ ಇದು?"

"ಹುಳ ಕಣ್ಲಾ. ಸುಳಿ ಕೊರೆಯೋ ಹುಳನ ಮೊಟ್ಟೇಲೇ ಮುಗಿಸ್ತದೆ."

ಹುಳದ ಹೆಸರೇನು ಅಂದ್ರೆ "ಟ್ರೈಕೋ ಕಾರ್ಡು" ಅಂದ್ರು :)

ಅದು ಟ್ರೈಕೋಗ್ರಾಮ ಅನ್ನೋ ಕಣಜ. ಉದ್ದ ಸುಮಾರು ಅರ್ಧ ಮಿಲಿಮೀಟರ್. ಪತಂಗದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತೆ, ಮರಿ ಒಳಗಿನದನ್ನೆಲ್ಲ ತಿಂದು ಹೊರಗೆ ಬರುತ್ತೆ. ವಿಶ್ವೇಶ್ವರಯ್ಯ ನಾಲೆಯ ನೀರು ಬಂದು, 1933ರಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಶುರುವಾದ ಆ ದಶಕದಲ್ಲೇ ಮೈಸೂರು ಸಂಸ್ಥಾನದಲ್ಲಿ ಕಬ್ಬಿನ ಕೊರಕದ ವಿರುದ್ಧ ಈ ಹುಳವನ್ನು ಸಾಕುವ ಪ್ರಯೋಗ ನಡೆದಿತ್ತು. ಟಿ.ವಿ. ಸುಬ್ರಹ್ಮಣ್ಯಂ ಆ ಬಗ್ಗೆ 1937ರಲ್ಲಿ ಬರೆದಿದ್ದಾರೆ.

ತೊಂದರೆ ಇದ್ದದ್ದು ಗುರುತಿಸೋದರಲ್ಲಿ. ಪಾದದಲ್ಲಿ ಮೂರೇ ಗೆಣ್ಣು, ರೆಕ್ಕೆಯ ಮೇಲೆ ಸಾಲು ಸಾಲು ಕೂದಲು. ಇಷ್ಟು ನೋಡಿದ್ರೆ ಟ್ರೈಕೋಗ್ರಾಮದ ಬಳಗ ಅನ್ನಬಹುದು. ಆದ್ರೆ ಅದರಲ್ಲಿ ಯಾವ ಜಾತಿ? ಹಿಂದೆ ಮೈಬಣ್ಣ ನೋಡಿ ಹೇಳ್ತಿದ್ರು. ಬಣ್ಣವೋ, ಚಳಿಯಲ್ಲಿ ಬೆಳೆದರೆ ಕಪ್ಪು, ಸೆಕೆಯಲ್ಲಿ ಬೆಳೆದರೆ ಹಳದಿ! ಹಾಗಾಗಿ ಮಿನುಟಂ, ಎವಾನೆಸೆನ್ಸ್, ಆಸ್ಟ್ರೇಲಿಕಂ ಅನ್ನೋ ಹೆಸರುಗಳು ಸಿಕ್ಕಸಿಕ್ಕ ಹುಳಕ್ಕೆಲ್ಲ ಅಂಟಿಕೊಂಡವು. ಒಂದೇ ಹೆಸರಿನ ಎರಡು ವೇರಿಯಬಲ್ ಇಟ್ಕೊಂಡು ರಾತ್ರಿಯೆಲ್ಲ ಪರದಾಡಿದವರಿಗೆ ಈ ಕಷ್ಟ ಗೊತ್ತು. ಒಬ್ಬರ ಹೊಲದಲ್ಲಿ ಕೆಲಸ ಮಾಡಿದ ಹುಳವೇ ಇನ್ನೊಬ್ಬರು ಬಿಟ್ಟದ್ದು ಅಂತ ಹೇಳೋದು ಹೇಗೆ?

ಈ ಗಂಟು ಬಿಡಿಸಿದ್ದು ನಮ್ಮ ಬೆಂಗಳೂರಲ್ಲಿ. 1957ರಲ್ಲಿ ಇಲ್ಲಿ ಶುರುವಾದ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತ ಕೇಂದ್ರದಲ್ಲಿ ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ ಎರಡು ದಾರಿ ಹಿಡಿದರು. ಮೊದಲನೆಯದು, ಹುಳಗಳನ್ನು ಕೂಡಿಸಿ ನೋಡೋದು. ಈ ಕಣಜಗಳಲ್ಲಿ ಗಂಡಿನ ಪಾಲಿಲ್ಲದ ಮೊಟ್ಟೆಯಿಂದಲೂ ಮರಿ ಬರುತ್ತೆ, ಆದ್ರೆ ಸಾಮಾನ್ಯವಾಗಿ ಗಂಡು ಮಾತ್ರ. ಹೆಣ್ಣು ಹುಟ್ಟಬೇಕಾದ್ರೆ ಗಂಡಿನ ಪಾಲು ಬೇಕು. ಎರಡು ಕಡೆಯ ಹುಳ ಕೂಡಿಸಿದಾಗ ಬರೀ ಗಂಡೇ ಹುಟ್ಟಿದ್ರೆ ಅವೆರಡೂ ಬೇರೆ ಜಾತಿ ಇರಬೇಕು ಅನ್ನೋಕೆ ಅದು ದೊಡ್ಡ ಸುಳಿವು. ಇಂಥ ಪ್ರಯೋಗಗಳ ಫಲ 1968ರಲ್ಲಿ ಪ್ರಕಟವಾಯ್ತು. ಎರಡನೆಯದು, ಗಂಡು ಹುಳದ ಜನನಾಂಗವನ್ನು ಗಾಜಿನ ಸ್ಲೈಡ್ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡೋದು. ಬಣ್ಣದ ಹಾಗೆ ಹವಾಮಾನಕ್ಕೆ ಬದಲಾಗದ ಗುರುತು ಅಲ್ಲಿತ್ತು. 1971ರಲ್ಲಿ ಹಳೆಯ ಜಾತಿಗಳನ್ನೇ ಈ ಗುರುತಿನಿಂದ ಮತ್ತೆ ವಿವರಿಸಿದರು.

1979ರಲ್ಲಿ ಇನ್ನೊಂದು ತೀರ್ಮಾನ ಬಂತು. ಭಾರತದಲ್ಲಿ ಆಸ್ಟ್ರೇಲಿಕಂ ಅಂತ ಕರೀತಿದ್ದ ಹುಳ ಅದಲ್ಲ, ಜಪಾನಿನ ಇಶಿಯಿ 1941ರಲ್ಲಿ ಹೆಸರಿಟ್ಟ ಕಿಲೋನಿಸ್. ಇವತ್ತು ಕಬ್ಬಿನ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಇರೋದು ಇದೇ.

ಕೆಆರ್‌ಎಸ್ ಕಟ್ಟಿದವರ ಹೆಸರು ನಮ್ಮೂರ ಮಕ್ಕಳಿಗೂ ಗೊತ್ತು. ಶ್ರೀರಂಗಪಟ್ಟಣದಿಂದ ಕೆ.ಆರ್. ಪೇಟೆವರೆಗೆ ಕಬ್ಬು ಬೆಳೆಯೋರಲ್ಲಿ ಈ ಇಬ್ಬರ ಹೆಸರು ಕೇಳಿದವರು ಎಷ್ಟು ಜನ ಇದ್ದಾರೋ! ನನಗೂ ಮೊನ್ನೆವರೆಗೆ ಗೊತ್ತಿರಲಿಲ್ಲ. ಚಿಕ್ಕಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಅಂಗಾದ್ರೆ ಮುಂದಿನ ಸಲ ತರುವಾಗ ಯಾವ ಜಾತಿ ಅಂತ ಕೇಳ್ಬೇಕು ಕಣ್ಲಾ" ಅಂದ್ರು.