ಗಾಮಾ ಸ್ಫೋಟಗಳ ಬೆನ್ನು ಹತ್ತಿದವರು: ಪೀಣ್ಯದ ಶೆಡ್ಡಿನಿಂದ ಆಸ್ಟ್ರೋಸ್ಯಾಟ್‌ವರೆಗೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲೂಕುಗಳ ವಿಜ್ಞಾನ ಶಿಕ್ಷಕರ ಬಳಗದವರು ಈ ಸ್ಮರಣ ಸಂಚಿಕೆಗೆ ಲೇಖನ ಕೇಳಿದಾಗ ವಿಷಯ ಹುಡುಕುವ ಪ್ರಮೇಯವೇ ಬರಲಿಲ್ಲ. ಬನಹಟ್ಟಿಯ ನೇಕಾರರ ಓಣಿಯಿಂದ ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ ಹೋಗಿ, ಅಲ್ಲಿಯೇ ಕಿರಿಯ ತಾಂತ್ರಿಕ ನೌಕರನಾಗಿ ಸೇರಿ, ಅಲ್ಲಿಯೇ ನಿವೃತ್ತನಾದವನು ನಾನು. ಅಲ್ಲಿ ಕಂಡ ಹಿರಿಯರ ಋಣ ನನ್ನ ಮೇಲಿದೆ. ರಾಕೆಟ್ಟು, ಚಂದ್ರಯಾನಗಳ ಕಥೆ ಎಲ್ಲರಿಗೂ ಗೊತ್ತು. ಗಾಮಾ ಕಿರಣ ಸ್ಫೋಟಗಳನ್ನು ಹಿಡಿಯಲು ಕನ್ನಡದ ನೆಲದಲ್ಲಿ ಉಪಕರಣ ಕಟ್ಟಿದವರ ಕಥೆ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಅದನ್ನು ಹೇಳುವುದು ನನ್ನ ಕರ್ತವ್ಯ.

ಮೊದಲು ವಿಷಯದ ಪರಿಚಯ. ಕದ್ದುಮುಚ್ಚಿ ನಡೆಯುವ ಅಣು ಪರೀಕ್ಷೆಗಳ ಮೇಲೆ ಕಣ್ಣಿಡಲು ಅಮೆರಿಕ ವೇಲಾ ಎಂಬ ಉಪಗ್ರಹಗಳನ್ನು ಹಾರಿಸಿತ್ತು. 1967ರ ಜುಲೈ 2ರಂದು ಅವು ಗಾಮಾ ಕಿರಣಗಳ ಒಂದು ಹಠಾತ್ ಹೊಳಪನ್ನು ದಾಖಲಿಸಿದವು. ಅದು ಭೂಮಿಯದಲ್ಲ, ಸೂರ್ಯನದೂ ಅಲ್ಲ. ಕ್ಲೆಬೆಸಾಡೆಲ್, ಸ್ಟ್ರಾಂಗ್, ಓಲ್ಸನ್ ಎಂಬ ಮೂವರು 1973ರಲ್ಲಿ ಇಂಥ ಸ್ಫೋಟಗಳ ವಿಷಯ ಪ್ರಕಟಿಸಿದಾಗ ಜಗತ್ತು ಬೆರಗಾಯಿತು. ದೈತ್ಯ ನಕ್ಷತ್ರ ಕುಸಿದಾಗ, ಇಲ್ಲವೇ ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದು ಒಂದಾದಾಗ ಏಳುವ ಈ ಹೊಳಪು ಸೆಕೆಂಡಿಗಿಂತ ಕಡಿಮೆ ಹೊತ್ತಿನಿಂದ ಕೆಲವು ನಿಮಿಷಗಳವರೆಗೆ ಇರುತ್ತದೆ. ಗಾಮಾ ಕಿರಣಗಳನ್ನು ವಾತಾವರಣ ತಡೆದುಬಿಡುವುದರಿಂದ ಉಪಕರಣ ಮೇಲೆ ಹೋಗಲೇಬೇಕು.

ನಮ್ಮ ಕಥೆಯ ಬೇರು ಇರುವುದು ಬೆಂಗಳೂರಿನ ಪೀಣ್ಯದಲ್ಲಿ. ಉಡುಪಿ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಪ್ರೊ. ಯು. ಆರ್. ರಾವ್ ಅವರು ವಿಕ್ರಮ್ ಸಾರಾಭಾಯಿಯವರ ಶಿಷ್ಯರಾಗಿ ವಿಶ್ವಕಿರಣಗಳ ಮೇಲೆ ಸಂಶೋಧನೆ ಮಾಡಿದವರು. ಅವರ ಮುಂದಾಳತ್ವದಲ್ಲಿ 1972ರಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶದ ತಗಡಿನಂಥ ಹೊದಿಕೆಯ ಶೆಡ್ಡುಗಳಲ್ಲಿ ಉಪಗ್ರಹದ ಕೆಲಸ ಶುರುವಾಯಿತು. ಉಪಗ್ರಹವನ್ನು ಹತ್ತಿರದಿಂದ ಕಂಡವರೇ ಇಲ್ಲದ ಕಾಲ. ಕೈಗೆ ಸಿಕ್ಕ ಹುಡುಗರನ್ನು ಕಟ್ಟಿಕೊಂಡು ರಾವ್ ಅವರು ಆರ್ಯಭಟವನ್ನು ಕಟ್ಟಿದರು. 360 ಕಿಲೋ ತೂಕದ ಆ ಉಪಗ್ರಹ 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದ ಕಪುಸ್ತಿನ್ ಯಾರ್‌ನಿಂದ ಮೇಲೇರಿತು. ಒಳಗೆ ಎಕ್ಸ್-ಕಿರಣಗಳನ್ನೂ, ಸೂರ್ಯನ ನ್ಯೂಟ್ರಾನ್ ಮತ್ತು ಗಾಮಾ ಕಿರಣಗಳನ್ನೂ ಅಳೆಯುವ ಉಪಕರಣಗಳಿದ್ದವು. ಕೆಲವೇ ದಿನಗಳಲ್ಲಿ ಅವುಗಳಿಗೆ ವಿದ್ಯುತ್ ಸಿಗದಂತಾಯಿತು. ಆದರೂ ಆರ್ಯಭಟನ ಚಿತ್ರ ಎರಡು ರೂಪಾಯಿ ನೋಟಿನ ಮೇಲೆ ಬಂತು. ರಬಕವಿ-ಬನಹಟ್ಟಿಯಲ್ಲಿ ವಾರದ ಪಗಾರದ ದಿನ ಆ ನೋಟು ಎಣಿಸದ ನೇಕಾರರಿರಲಿಲ್ಲ. ನನ್ನಂಥ ಹುಡುಗರು ಉಪಗ್ರಹವೆಂದರೆ ಹೀಗಿರುತ್ತದೆ ಎಂದು ಮೊದಲು ನೋಡಿದ್ದು ಆ ನೋಟಿನಲ್ಲಿಯೇ.

ಇನ್ನು ಮುಖ್ಯ ಅಧ್ಯಾಯ. ಎಂಬತ್ತರ ದಶಕದಲ್ಲಿ ಎಎಸ್‌ಎಲ್‌ವಿ ಎಂಬ ಹೊಸ ರಾಕೆಟ್ಟಿಗಾಗಿ ಸ್ರಾಸ್ ಸರಣಿಯ ಸಣ್ಣ ಉಪಗ್ರಹಗಳು ಸಿದ್ಧವಾದವು. ಅವುಗಳಲ್ಲಿ ಗಾಮಾ ಸ್ಫೋಟ ಹಿಡಿಯುವ ಉಪಕರಣ ಇಡಬೇಕೆಂದು ಹೊರಟವರು ನಮ್ಮ ಕೇಂದ್ರದ ಭೌತವಿಜ್ಞಾನಿಗಳು. ಡಾ. ಟಿ. ಎಂ. ಕೆ. ಮಾರಾರ್, ಎಂ. ಆರ್. ಶರ್ಮಾ, ಡಾ. ಎಸ್. ಸೀತಾ ಮತ್ತು ಅವರ ಸಂಗಡಿಗರ ಹೆಸರನ್ನು ಇಲ್ಲಿ ಗೌರವದಿಂದ ನೆನೆಯುತ್ತೇನೆ. ಸ್ವತಃ ಖಗೋಳದ ಎಕ್ಸ್-ಕಿರಣ, ಗಾಮಾ ಕಿರಣಗಳಲ್ಲಿ ಪಳಗಿದ್ದ ಡಾ. ಕೆ. ಕಸ್ತೂರಿರಂಗನ್ ಅವರ ಬೆಂಬಲ ಈ ತಂಡಕ್ಕಿತ್ತು.

ಉಪಕರಣದ ಹೃದಯ ಸೋಡಿಯಂ ಬೆರೆಸಿದ ಸೀಸಿಯಂ ಅಯೋಡೈಡಿನ ಹರಳು. ವ್ಯಾಸ 76 ಮಿಲಿಮೀಟರು. ಜೊತೆಗೆ ಆಪತ್ಕಾಲಕ್ಕೆಂದು ಚಿಕ್ಕದೊಂದು. ಗಾಮಾ ಕಿರಣ ಬಡಿದರೆ ಹರಳಿನೊಳಗೆ ಮಿಣುಕು ಬೆಳಕು ಹುಟ್ಟುತ್ತದೆ. ಹಿಂದೆ ಅಂಟಿಸಿದ ಫೋಟೋಮಲ್ಟಿಪ್ಲಯರ್ ಕೊಳವೆ ಅದನ್ನು ವಿದ್ಯುತ್ ಮಿಡಿತವಾಗಿ ಹಿಗ್ಗಿಸುತ್ತದೆ. ಬೆಳಕು ಹೆಚ್ಚಿದಷ್ಟೂ ಕಿರಣದ ಶಕ್ತಿ ಹೆಚ್ಚು. 20ರಿಂದ 3000 ಕಿಲೋ ಎಲೆಕ್ಟ್ರಾನ್ ವೋಲ್ಟ್‌ವರೆಗೆ ಅಳತೆ. ಹರಳಿಗೆ ತೇವ ತಾಗಕೂಡದು, ಅದಕ್ಕೇ ಮುಚ್ಚಿದ ಲೋಹದ ಡಬ್ಬಿ. ಪರೀಕ್ಷೆಗೆ ಗಾಮಾ ಕಿರಣ ಸೂಸುವ ಸೀಸಿಯಂ-137ರ ಬಿಲ್ಲೆಯನ್ನು ಹತ್ತಿರ ಹಿಡಿದಾಗ 662 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನ ಜಾಗದಲ್ಲಿ ಎಣಿಕೆಗಳು ಗುಡ್ಡದಂತೆ ಏಳುವುದನ್ನು ಮೊದಲ ಬಾರಿ ಕಂಡ ನನ್ನ ಸಂತೋಷವನ್ನು ಏನೆಂದು ಹೇಳಲಿ!

ಸ್ಫೋಟ ಯಾವಾಗ, ಎಲ್ಲಿಂದ ಬರುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಉಪಕರಣ ಹಿನ್ನೆಲೆಯ ಎಣಿಕೆಯನ್ನು ಸದಾ ಗಮನಿಸುತ್ತಿರಬೇಕು. ಎಣಿಕೆ ತಟ್ಟನೆ ಮಿತಿ ಮೀರಿದರೆ ಅದಕ್ಕೆ ಸ್ವಲ್ಪ ಮುಂಚಿನ ಮತ್ತು ಆಮೇಲಿನ ಲೆಕ್ಕವನ್ನೆಲ್ಲ ನೆನಪಿನ ಕೋಶದಲ್ಲಿ ಕೂಡಿಡಬೇಕು. ಉಪಗ್ರಹ ನಮ್ಮ ನೆತ್ತಿಯ ಮೇಲೆ ಬಂದಾಗ ಕೆಳಗೆ ಕಳಿಸಬೇಕು. ಇಷ್ಟನ್ನೂ ಅಂದಿನ ಅಲ್ಪಸ್ವಲ್ಪ ಮೆಮೊರಿಯಲ್ಲಿ ಸಾಧಿಸಿದ್ದು ಈ ತಂಡದ ಜಾಣ್ಮೆ.

1987ರ ಮಾರ್ಚ್ 24ರಂದು ಮೊದಲ ಎಎಸ್‌ಎಲ್‌ವಿ ವಿಫಲವಾಯಿತು. 1988ರ ಜುಲೈ 13ರಂದು ಎರಡನೆಯದೂ ಕಡಲು ಸೇರಿತು. ಸ್ರಾಸ್-2ರ ಜೊತೆ ಗಾಮಾ ಸ್ಫೋಟದ ಉಪಕರಣವೂ ಹೋಯಿತು. ಆ ದಿನಗಳಲ್ಲಿ ಒಳಗೂ ಹೊರಗೂ ನಾನಾ ಮಾತು ಬಂದವು. ಅವನ್ನೆಲ್ಲ ಈಗ ಕೆದಕುವುದು ಬೇಡ. ಎಲ್ಲರ ಕಳಕಳಿಯೂ ಒಂದೇ ಆಗಿತ್ತು. ಹೇಳಬೇಕಾದದ್ದು ಇಷ್ಟೆ: ತಂಡ ಚದುರಲಿಲ್ಲ. ಹೊಸ ಹರಳು, ಹೊಸ ಸರ್ಕ್ಯೂಟು, ಮತ್ತೆ ಕಂಪನದ ಮೇಜು, ಮತ್ತೆ ಬಿಸಿ-ತಂಪಿನ ನಿರ್ವಾತ ಕೋಣೆ. ಎಲ್ಲವನ್ನೂ ಮೊದಲಿನಿಂದ ಮಾಡಿದರು.

1992ರ ಮೇ 20ರಂದು ಸ್ರಾಸ್-ಸಿ ಕಕ್ಷೆ ಸೇರಿತು. ಕಕ್ಷೆ ತೀರ ತಗ್ಗಿನಲ್ಲಿದ್ದದ್ದರಿಂದ ಎರಡು ತಿಂಗಳು ತುಂಬುವ ಮೊದಲೇ ಜುಲೈನಲ್ಲಿ ವಾತಾವರಣದಲ್ಲಿ ಉರಿದುಹೋಯಿತು. ಆದರೆ ಉಪಕರಣ ಕೆಲಸ ಮಾಡುತ್ತದೆಂಬುದು ಸಾಬೀತಾಗಿತ್ತು. 1994ರ ಮೇ 4ರಂದು ಹೋದ ಸ್ರಾಸ್-ಸಿ2ರಲ್ಲಿ ಮೆಮೊರಿಯನ್ನೂ ಸ್ಫೋಟ ಗುರುತಿಸುವ ತರ್ಕವನ್ನೂ ಸುಧಾರಿಸಲಾಗಿತ್ತು. ಸುಮಾರು 115 ಕಿಲೋದ ಆ ಪುಟ್ಟ ಉಪಗ್ರಹ 2001ರ ಜುಲೈವರೆಗೆ ಆಕಾಶದಲ್ಲಿತ್ತು.

ಒಂದೇ ಉಪಕರಣದಿಂದ ಸ್ಫೋಟದ ದಿಕ್ಕು ತಿಳಿಯುವುದು ಕಷ್ಟ. ಒಂದೇ ಗುಡುಗು ಜಮಖಂಡಿಯಲ್ಲಿ ಮೊದಲು, ಮುಧೋಳದಲ್ಲಿ ಆಮೇಲೆ ಕೇಳಿಸಿದರೆ ಅದು ಯಾವ ಕಡೆಯದೆಂದು ಊಹಿಸಬಹುದಲ್ಲವೇ? ಹಾಗೆಯೇ ದೂರದೂರದ ನೌಕೆಗಳಿಗೆ ಕಿರಣ ತಲುಪಿದ ಹೊತ್ತಿನ ವ್ಯತ್ಯಾಸದಿಂದ ದಿಕ್ಕು ಲೆಕ್ಕ ಹಾಕುವ ಅಂತರಗ್ರಹ ಜಾಲವೊಂದಿದೆ. ಸ್ರಾಸ್-ಸಿ2 ಆ ಜಾಲದ ಸದಸ್ಯನಾಗಿತ್ತು. ಬೆಂಗಳೂರಿನಲ್ಲಿ ಕಟ್ಟಿದ ಪೆಟ್ಟಿಗೆ ಯುಲಿಸಿಸ್‌ನಂಥ ದೊಡ್ಡ ನೌಕೆಗಳ ಸಾಲಿನಲ್ಲಿ ಕುಳಿತದ್ದು ನನ್ನ ಪಾಲಿಗೆ ಇಡೀ ನೌಕರಿಯ ಅತಿ ದೊಡ್ಡ ಹೆಮ್ಮೆ.

ಮುಂದಿನ ಎರಡು ದಶಕ ಸದ್ದಿಲ್ಲದ ದುಡಿಮೆಯ ಕಾಲ. 1996ರಲ್ಲಿ ಐಆರ್‌ಎಸ್-ಪಿ3 ಮೇಲೆ ಎಕ್ಸ್-ಕಿರಣ ಉಪಕರಣಗಳು ಹೋದವು. ಖಗೋಳ ವೀಕ್ಷಣೆಗೆಂದೇ ಮೀಸಲಾದ ಉಪಗ್ರಹ ಆಸ್ಟ್ರೋಸ್ಯಾಟ್‌ನ ಸಿದ್ಧತೆ ನಡೆಯಿತು.

2015ರ ಸೆಪ್ಟೆಂಬರ್ 28ರಂದು ಪಿಎಸ್‌ಎಲ್‌ವಿ-ಸಿ30 ಆಸ್ಟ್ರೋಸ್ಯಾಟನ್ನು ಸುಮಾರು 650 ಕಿಲೋಮೀಟರ್ ಎತ್ತರಕ್ಕೆ ಒಯ್ದಿತು. ಅದರಲ್ಲಿರುವ ಸಿಝಡ್‌ಟಿ ಇಮೇಜರ್ ಎಂಬ ಉಪಕರಣ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ನೇತೃತ್ವದಲ್ಲಿ ಆದದ್ದು. ನಮ್ಮ ಕೇಂದ್ರವೂ ಕೈಜೋಡಿಸಿತ್ತು. ಅಕ್ಟೋಬರ್ 6ರಂದು ಚಾಲೂ ಮಾಡಿದ ದಿನವೇ ಅದು ಒಂದು ಸ್ಫೋಟವನ್ನು ಹಿಡಿಯಿತು. 2023ರ ನವೆಂಬರ್‌ನಲ್ಲಿ ಅದು ಹಿಡಿದ ಸ್ಫೋಟಗಳ ಸಂಖ್ಯೆ 600 ಮುಟ್ಟಿತು. ಕಿರಣಗಳ ಧ್ರುವೀಕರಣವನ್ನೂ ಅದು ಅಳೆಯುತ್ತದೆ. 2017ರ ಆಗಸ್ಟ್ 17ರಂದು ನ್ಯೂಟ್ರಾನ್ ನಕ್ಷತ್ರಗಳ ವಿಲೀನದ ಸ್ಫೋಟ ಅದಕ್ಕೆ ಕಾಣಲಿಲ್ಲ, ಭೂಮಿ ಅಡ್ಡವಿತ್ತು. ಕಾಣಲಿಲ್ಲವೆಂಬ ವರದಿಯಿಂದಲೇ ಹುಡುಕಬೇಕಾದ ಆಕಾಶದ ಪ್ರದೇಶ ಕಿರಿದಾಯಿತು. ಆಸ್ಟ್ರೋಸ್ಯಾಟ್‌ನ ಆಕಾಶ ಗಸ್ತಿನ ಉಪಕರಣ ಸ್ಕೈ ಮಾನಿಟರ್ ನಮ್ಮ ಕೇಂದ್ರದ್ದೇ. ಸ್ರಾಸ್ ಕಾಲದ ಸೀತಾ ಮೇಡಂ ಮುಂದೆ ಇಸ್ರೋದ ಬಾಹ್ಯಾಕಾಶ ವಿಜ್ಞಾನ ಕಾರ್ಯಕ್ರಮದ ಹೊಣೆಯನ್ನೂ ಹೊತ್ತರು. 

ರಾವ್ ಸರ್ 2017ರಲ್ಲಿ, ಕಸ್ತೂರಿರಂಗನ್ ಸರ್ 2025ರಲ್ಲಿ ನಮ್ಮನ್ನು ಅಗಲಿದರು. ಉಪಗ್ರಹ ಕೇಂದ್ರ 2018ರಿಂದ ರಾವ್ ಅವರ ಹೆಸರಿನಲ್ಲಿದೆ. ಅವರಿಗೆ ಸಲ್ಲಿಸುವ ನಿಜವಾದ ಗೌರವ ಮಾತ್ರ ನಮ್ಮ ಮಕ್ಕಳ ಕೈಯಲ್ಲಿದೆ. ಆಸ್ಟ್ರೋಸ್ಯಾಟ್ ಕಳಿಸಿದ ಮಾಹಿತಿಯ ಭಂಡಾರ 2018ರಿಂದ ಸಾರ್ವಜನಿಕರಿಗೆ ತೆರೆದಿದೆ. ಹೆಸರು ನೋಂದಾಯಿಸಿ ಯಾರು ಬೇಕಾದರೂ ಪಡೆಯಬಹುದು. ಬೀಳಗಿಯ ಬಿ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು ತನ್ನೂರಿನಲ್ಲಿಯೇ ಕುಳಿತು ಒಂದು ಸ್ಫೋಟದ ಏರಿಳಿತವನ್ನು ಗ್ರಾಫಿನಲ್ಲಿ ಬಿಡಿಸಬಹುದು. ನಾಲ್ಕೂ ತಾಲೂಕಿನ ಕಾಲೇಜುಗಳು ಇದಕ್ಕೊಂದು ಸಣ್ಣ ಕಮ್ಮಟ ಏರ್ಪಡಿಸಲಿ ಎಂದು ಶಿಕ್ಷಕ ಬಳಗವನ್ನು ವಿನಂತಿಸುತ್ತೇನೆ. ಕರೆದರೆ ನಾನು ಬಂದು ಪಾಠ ಹೇಳುತ್ತೇನೆ.