ಅಧಿಕಾರ ವಿಕೇಂದ್ರೀಕರಣ ಮತ್ತು ಆಸ್ತಿ ಹಕ್ಕು: ಹಾವೇರಿ ಜಿಲ್ಲೆ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ರೈತನೊಬ್ಬನ ಆಸ್ತಿಯ ಕಾವಲು ಎರಡು ಕಚೇರಿಗಳಲ್ಲಿ ಹಂಚಿಹೋಗಿದೆ. ಹೊಲದ ಉತಾರ (ಪಹಣಿ) ಕಂದಾಯ ಇಲಾಖೆಯದು. ಊರೊಳಗಿನ ಮನೆಯ ದಾಖಲೆ ಗ್ರಾಮ ಪಂಚಾಯಿತಿಯದು. ಸಂವಿಧಾನದ 73ನೇ ತಿದ್ದುಪಡಿ ಮತ್ತು 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಪಂಚಾಯಿತಿಗೆ ಮನೆ ತೆರಿಗೆಯ ಅಧಿಕಾರ ಕೊಟ್ಟವು, ಜಮೀನಿನ ಹಕ್ಕುದಾಖಲೆಯನ್ನು ಕೊಡಲಿಲ್ಲ.

1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಯಾದಾಗ ಜಿಲ್ಲಾಧಿಕಾರಿ ಕಚೇರಿ ಜನರಿಗೆ ಹತ್ತಿರವಾಯಿತು.

ಆದರೆ ಕಚೇರಿ ಹತ್ತಿರ ಬಂದ ಮಾತ್ರಕ್ಕೆ ಹಕ್ಕು ಗಟ್ಟಿಯಾಗದು. ಕೈಬರಹದ ಪಹಣಿ ಗ್ರಾಮ ಲೆಕ್ಕಿಗರ ಬಳಿಯಿದ್ದ ಕಾಲದಲ್ಲಿ ಒಂದು ನಕಲಿಗೂ ಅವರನ್ನೇ ಕಾಯಬೇಕಿತ್ತು. ಆ ಹಿಡಿತವನ್ನು ಸಡಿಲಿಸಿದ್ದು ರಾಜ್ಯವೇ ಕಟ್ಟಿದ ‘ಭೂಮಿ’ ಗಣಕೀಕರಣ. ಮನೆಗಳಿಗೆ ‘ಇ-ಸ್ವತ್ತು’ ಬಂತು: ಅಳತೆ, ಚಕ್ಕುಬಂದಿ, ಮಾಲೀಕರ ಹೆಸರಿರುವ ನಮೂನೆ 9ಕ್ಕೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಡಿಜಿಟಲ್ ಸಹಿ ಬೇಕು. 2020ರ ಸ್ವಾಮಿತ್ವ ಯೋಜನೆ ಗ್ರಾಮಠಾಣದ ಮನೆಗಳನ್ನು ಡ್ರೋನ್‌ನಿಂದ ಅಳೆಯಲು ಹೊರಟಿತು.

ದಾಖಲೆಯ ಭಯ ಎಷ್ಟು ಆಳದ್ದೆಂಬುದು 2024ರ ಅಕ್ಟೋಬರ್ ಕೊನೆಯಲ್ಲಿ ಸವಣೂರು ತಾಲ್ಲೂಕಿನ ಕಡಕೋಳದಲ್ಲಿ ಕಂಡಿತು. ಮನೆಗಳು ವಕ್ಫ್ ಹೆಸರಿಗೆ ಹೋಗುತ್ತವೆಂಬ ಆತಂಕ ಹಬ್ಬಿ ಕಲ್ಲುತೂರಾಟವಾಯಿತು. ಜಮೀನು ವಕ್ಫ್‌ಗೆ ಸೇರಿದ್ದೆಂದು ರೈತರಿಗೆ ನೀಡಿದ್ದ ನೋಟಿಸುಗಳನ್ನು ಹಿಂಪಡೆಯುವಂತೆ ನವೆಂಬರಿನಲ್ಲಿ ಆದೇಶ ಬಂದದ್ದು ಬೆಂಗಳೂರಿನಿಂದ. ಗ್ರಾಮಸಭೆಯಲ್ಲೇ ಮೊದಲು ವಿವರಣೆ ಸಿಕ್ಕಿದ್ದರೆ ಆ ಆತಂಕ ಅಷ್ಟು ಬೆಳೆಯುತ್ತಿರಲಿಲ್ಲ ಎನ್ನಬಹುದು.

ಇಂಥ ಆತಂಕದ ಎದುರು ಕಾನೂನಿನ ಆಸರೆ ಇದೆ. ಆಸ್ತಿ 1978ರ 44ನೇ ತಿದ್ದುಪಡಿಯ ನಂತರ ಮೂಲಭೂತ ಹಕ್ಕಲ್ಲ; ಆದರೆ ಸಂವಿಧಾನದ 300-ಎ ವಿಧಿಯಡಿ ಕಾನೂನಿನ ಬಲವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ. ಪಹಣಿ ತಿದ್ದುಪಡಿಯ ವಿರುದ್ಧ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಮಾಲೀಕತ್ವದ ವ್ಯಾಜ್ಯ ಸಿವಿಲ್ ನ್ಯಾಯಾಲಯದ್ದು.